980 ಬರಲೇಬೇಕು

ಆ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಯಾರೂ ಏನನ್ನೂ ಅಳೆಯುತ್ತಿರಲಿಲ್ಲ. ಅಕ್ಕನ ಲಂಗ ತಂಗಿಗೆ ಬಂದಂತೆ ಹಿಂದಿನ ವರ್ಷದವರ ಜರ್ನಲ್ ಮುಂದಿನವರ ಕೈಗೆ ಬರುತ್ತಿತ್ತು. ಅದರಲ್ಲಿದ್ದ ರೀಡಿಂಗ್‌ಗಳನ್ನೇ ಎಲ್ಲರೂ ಇಳಿಸಿಕೊಳ್ಳುತ್ತಿದ್ದರು. ಅದು ಎಂಬತ್ತರ ದಶಕದ ಮಾತು. ಅಪ್ಪನಿಗೆ ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ನಾನು ಬೆಳಗಾವಿಯ ಕಾನ್ವೆಂಟ್ ಮುಗಿಸಿ ರಾಯಬಾಗದ ಆ ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದ್ದೆ.

ಮೆಕ್ಯಾನಿಕ್ಸ್ ಅಂದರೆ ನನಗೆ ಪ್ರಾಣ. ಹೇರು ತುಂಬಿದ ಕಬ್ಬಿನ ಗಾಡಿಗೂ ಆಕಾಶದ ಚಂದ್ರನಿಗೂ ಒಂದೇ ಸಮೀಕರಣ! ಹೌ ಬ್ಯೂಟಿಫುಲ್ ಅಂದುಕೊಳ್ಳುತ್ತಿದ್ದೆ. ಎಂಥ ಪೆದ್ದಿ!

ಸಿಂಪಲ್ ಪೆಂಡ್ಯುಲಂ ಪ್ರಯೋಗದ ದಿನ ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟೆ. ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡ್ ಎಂದು ಎಣಿಸಿ, ಭೂಮಿಯ ಎಳೆತದ g ಲೆಕ್ಕ ಹಾಕಿದೆ. ಸೆಂಟಿಮೀಟರ್ ಲೆಕ್ಕದಲ್ಲಿ ಪುಸ್ತಕ ಹೇಳುವುದು 980. ದಾರ ಮೂವತ್ತು ಸೆಂಟಿಮೀಟರ್ ಇದ್ದಾಗ 919 ಬಂತು, ಎಂಬತ್ತು ಇದ್ದಾಗ 956. ಬಂದದ್ದನ್ನೇ ಬರೆದೆ.

ಲ್ಯಾಬಿನ ಸರ್ ಕೆಂಪು ಪೆನ್ನಿನಿಂದ ಪುಟದ ಮೂಲೆಯಿಂದ ಮೂಲೆಗೆ ಗೀರು ಎಳೆದರು.

"ಏನ್ರೀ ಕಾನ್ವೆಂಟ್ ಬಾಯಾರ, ಉಗಾರದಾಗ ಭೂಮಿ ಬ್ಯಾರೇನ? 980 ಬರಬೇಕು."

"ಸರ್, ನಾನೇ ಅಳೆದೀನ್ರಿ. ಎಲ್ಲಿ ತಪ್ಪೇತಿ ಹೇಳ್ರಿ."

"ಅಳೀರಿ ಅಂತ ಯಾರ ಹೇಳ್ಯಾರ ನಿಮಗ? ಎಲ್ಲಾರೂ ಬರದಾಂಗ ಬರೀರಿ. ಇಲ್ಲಂದ್ರ ಸಹಿ ಇಲ್ಲ."

ಹುಡುಗರು ಹೋ ಎಂದು ನಕ್ಕರು. ಸಹಿಯಿಲ್ಲದ ಜರ್ನಲ್ ಹಿಡಿದು ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡುವಂತಿರಲಿಲ್ಲ. ಕೂಡದಿದ್ದರೆ ವರ್ಷವೇ ಹೋಯಿತು. ಸರ್ ಕೊಟ್ಟದ್ದು ಎರಡೇ ದಿನ. ತಪ್ಪು ಎಲ್ಲಿದೆ ಎಂದು ಅವರು ಹೇಳಲಿಲ್ಲ. ಅವರಿಗೇ ಗೊತ್ತಿತ್ತೋ ಇಲ್ಲವೋ, ಐ ಸ್ಟಿಲ್ ವಂಡರ್.

ನನ್ನ ಬೆಂಚಿನ ಗೆಳತಿ ಶೇಡಬಾಳದ ಜೈನರ ಹುಡುಗಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆತನ. ಸಂಜೆಯ ರೈಲುಗಾಡಿ ತಪ್ಪಿದರೆ ರಾತ್ರಿಯೆಲ್ಲ ಉಪವಾಸವೇ. ಹಾಗಾಗಿ ಅವಳೂ ಕಾಪಿ ಹೊಡೆದು ಸ್ಟೇಷನ್ನಿಗೆ ಓಡುವವಳೇ. ಮರುದಿನ ಮಾತ್ರ ನನ್ನ ಜೊತೆ ಲ್ಯಾಬಿನಲ್ಲಿ ನಿಂತಳು.

"ಇವತ್ತ ನಿನ್ನ ಸಲುವಾಗಿ ಉಪಾಸ ಬಿದ್ರ, ಆ ಪುಣ್ಯಾ ನನಗ ಬರ್ತೈತಿ ನೋಡ ಬೇ," ಎಂದು ನಕ್ಕಳು. ನಾನು ಮತ್ತೆ ದಾರಕ್ಕೆ ಸ್ಕೇಲ್ ಹಿಡಿದೆ. ಅವಳು ನೋಡುತ್ತಲೇ ಇದ್ದಳು.

"ಅಲ್ಲಬೇ, ದಾರಾ ಅಷ್ಟ ಅಳದಿ. ಗುಂಡು ಏನು ಸುಮ್ನ ಕುಂತೈತೇನ? ಅದೂ ತೂಗತೈತಲ್ಲ!"

ನಾನು ಸ್ಕೇಲನ್ನು ಗುಂಡಿಗೆ ಹಿಡಿದೆ. ಉದ್ದ ಅಳೆಯಬೇಕಾದದ್ದು ಗುಂಡಿನ ನಡುಮಧ್ಯದವರೆಗೆ. ದಾರ ಕಟ್ಟುವ ಕೊಕ್ಕೆ, ಅರ್ಧ ಗುಂಡು ಸೇರಿ ಎರಡು ಸೆಂಟಿಮೀಟರನ್ನು ಪ್ರತಿಸಲವೂ ಬಿಟ್ಟಿದ್ದೆ. ಗಿಡ್ಡ ದಾರಕ್ಕೆ ಆ ಎರಡು ಸೆಂಟಿಮೀಟರ್ ದೊಡ್ಡ ಪಾಲು, ಉದ್ದ ದಾರಕ್ಕೆ ಸಣ್ಣದು. ಅದಕ್ಕೇ 919, ಅದಕ್ಕೇ 956! ನನ್ನ ತಪ್ಪು ಕಾಗದದ ಮೇಲೇ ಕೂತು ತನ್ನ ಕಾರಣ ಹೇಳುತ್ತಿತ್ತು. ಅದರ ಮೇಲೆ ಆ ಮನುಷ್ಯ ಕೆಂಪು ಗೀರು ಎಳೆದಿದ್ದರು.

ಇಬ್ಬರೂ ಮೊದಲಿನಿಂದ ಅಳೆದೆವು. ಅವಳು ತೂಗಾಟ ಎಣಿಸಿದಳು, ನಾನು ಗಡಿಯಾರ ಹಿಡಿದೆ. 979, 977, 981. ಗಾಡಿಗೆ ಓಡುವಾಗ ಇಬ್ಬರ ಚಪ್ಪಲಿಗಳೂ ಕೈಯಲ್ಲಿದ್ದವು.

ಮರುದಿನ ಸರ್ ಜರ್ನಲ್ ತೆರೆದರು. ಕೊನೆಯ ಅಂಕಿಗಳ ಮೇಲೆ ಬೆರಳಾಡಿಸಿದರು. ಮುಖ ಅರಳಿತು.

"ಹಾಂ! ಈಗ ಶಾಣ್ಯಾರ ಆದ್ರಿ ನೋಡ್ರಿ. ಮೊದಲ ಹಿಂಗ ಕಾಪಿ ಮಾಡಿದ್ರ ಇಷ್ಟು ತ್ರಾಸ ಇತ್ತೇನ್ರಿ?"

ಸಹಿ ಹಾಕಿದರು. ಇದು ಕಾಪಿಯಲ್ಲ, ಒಂದೊಂದು ಸೆಕೆಂಡೂ ನಾವೇ ಎಣಿಸಿದ್ದು ಎಂದು ಕಿರುಚಬೇಕಿತ್ತು. ಶಾಯಿ ಇನ್ನೂ ಆರಿರಲಿಲ್ಲ. ಆ ಸಹಿ ನನಗೆ ಬೇಕೇ ಬೇಕಿತ್ತು.

"ಥ್ಯಾಂಕ್ ಯೂ, ಸರ್," ಅಂದೆ. ಆ ಮನುಷ್ಯನನ್ನು ಎಂದೋ ಕ್ಷಮಿಸಿರಬಹುದು. ಆ ಥ್ಯಾಂಕ್ ಯೂ ಅನ್ನು ಮಾತ್ರ ಇಂದಿಗೂ ಕ್ಷಮಿಸಿಲ್ಲ.