ಆ ಟೀಚರ್ ಸತ್ತಿಲ್ಲ

ನಾನು ಸತ್ತುಹೋಗಿದ್ದೇನೆ ಎಂದು ನಿನ್ನೆದುರೇ ಸುಳ್ಳು ಹೇಳಿದೆ, ಸರೋಜಾ. ನೀನು ನಂಬಲಿಲ್ಲ ಎಂಬುದೂ ನನಗೆ ಗೊತ್ತು. ಇದನ್ನು ಓದುವ ಉಳಿದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ನೀನು ಏಳನೆಯ ತರಗತಿ, ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತೆ.

"ಮಾವ ಬಂದವ್ನೆ ಮಿಸ್. ನಾನು ಮನೆಗೋಗಲ್ಲ. ಇಲ್ಲೇ ಒಂದ್ ಮೂಲೇಲಿ ಮನಿಕ್ಕೊತೀನಿ."

ಮಾವ ಎಂದರೆ ನಿನ್ನ ತಾಯಿಯ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ವಾಡಿಕೆ. ಹುಡುಗಿ ತೊಟ್ಟಿಲಲ್ಲಿರುವಾಗಲೇ 'ನಿನ್ನ ಗಂಡ ಬಂದ ನೋಡು' ಎಂದು ರೇಗಿಸಲು ಶುರು. ಹಾಗಾಗಿ ನಾನು — ಇಲ್ಲ, 'ಹಾಗಾಗಿ' ಬೇಡ. ಕೇಳಬೇಕಾದದ್ದನ್ನು ಕೇಳಲಿಲ್ಲ. ನಕ್ಕೆ.

"ಅಯ್ಯೋ ಹುಚ್ಚಿ, ಮಾವ ಅಂದ್ಮೇಲೆ ರೇಗಿಸ್ದೆ ಇರ್ತಾನಾ? ನಾಳೆ ಅವನನ್ನೇ ಕಟ್ಕೊಳ್ಳೋಳು ನೀನು, ನಡಿ."

ನೀನು ನಗಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ನಿನ್ನ ಬೆರಳುಗಳನ್ನು ನಾನೇ ಬಿಡಿಸಿದೆ. ನಾನೇ ಬಸ್ಸು ಹತ್ತಿಸಿ, "ಹುಷಾರಾಗಿ ಇಳಿಸಪ್ಪ" ಎಂದು ಕಂಡಕ್ಟರನಿಗೆ ಹೇಳಿದೆ. ಎಂಥ ಜವಾಬ್ದಾರಿಯ ಟೀಚರ್! ಮರುದಿನದಿಂದ ನೀನು ಶಾಲೆಗೆ ಬರಲಿಲ್ಲ. ಆ ಬೇಸಿಗೆಯಲ್ಲೇ ಅವನ ಜೊತೆ ಮದುವೆಯಾಯಿತು. ನನ್ನನ್ನೂ ಕರೆದಿದ್ದರು. ತಲೆ ತಗ್ಗಿಸಿ ಕೂತಿದ್ದ ನಿನ್ನ ಮೇಲೆ ಅಕ್ಷತೆ ಹಾಕಿ, ಊಟ ಮಾಡಿಕೊಂಡು ಬಂದೆ.

ವರ್ಷಗಳು ಕಳೆದವು. ಶಾಲೆ ಬಿಟ್ಟು, ಮಕ್ಕಳ ರಕ್ಷಣೆಯ ತರಬೇತಿ ಕೊಡುವ ಒಂದು ಸಂಸ್ಥೆ ಸೇರಿದೆ. ಅಲ್ಲಿ ಕಲಿತ ಮೊದಲ ಪಾಠವೇ ನನ್ನ ಕೆನ್ನೆಗೆ ಬಾರಿಸಿತು — ಮಗು ಮನೆಗೆ ಹೋಗುವುದಿಲ್ಲ ಎಂದರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ. ಆಮೇಲೆ ಅದನ್ನೇ ನಾನು ಮೇಷ್ಟ್ರುಗಳಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಆಸ್ಪತ್ರೆಯ ಆಯಾಗಳಿಗೆ, ಕಾರ್ಖಾನೆಯ ಸೂಪರ್‌ವೈಸರ್‌ಗಳಿಗೆ ಹೇಳಿಕೊಟ್ಟೆ. ಎಲ್ಲ ಕಡೆಯೂ ಒಂದೇ ಕಥೆ: "ಒಬ್ಬ ಟೀಚರ್ ಇದ್ದಳು..." ಕೇಳಿದವರು ಅವಳಿಗೆ ಶಾಪ ಹಾಕುತ್ತಿದ್ದರು. ಅವರ ಜೊತೆ ನಾನೂ ಹಾಕುತ್ತಿದ್ದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಬಂಗಾರಪೇಟೆಯಲ್ಲಿ ಅಂಗನವಾಡಿಯವರ ತರಬೇತಿಯಲ್ಲೂ ಅದೇ ಕಥೆ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಸಹಾಯಕಿ ಎದ್ದು ನಿಂತಳು.

"ಆ ಟೀಚರು ಈಗ ಎಲ್ಲವ್ರೆ ಮೇಡಂ?"

ದನಿ ಕೇಳಿದ ಕೂಡಲೇ ಗುರುತು ಹತ್ತಿತು. ನೀನೇ. ಇಡೀ ಕೋಣೆ ನನ್ನ ಕಡೆ ನೋಡುತ್ತಿತ್ತು. 'ಇಲ್ಲೇ ಇದ್ದೇನೆ' ಎಂದಿದ್ದರೆ ಸಾಕಿತ್ತು — ಎರಡೇ ಮಾತು.

"ಅವರು ತೀರಿಕೊಂಡರಮ್ಮ," ಎಂದೆ.

ಸಂಜೆ ಎಲ್ಲರೂ ಹೊರಟಾಗ ನೀನು ಬಾಗಿಲ ಬಳಿ ನಿಂತು, "ಬತ್ತೀನಿ ಮಿಸ್," ಎಂದು ಹೋದೆ. ತರಬೇತಿಯಲ್ಲಿ ಎಲ್ಲರಿಗೂ ನಾನು ಮೇಡಂ; ಮಿಸ್ ಎನ್ನುತ್ತಿದ್ದವರು ಶಾಲೆಯ ಮಕ್ಕಳು ಮಾತ್ರ.

ಇದನ್ನು ಬರೆಯುತ್ತೇನೆ ಎಂದಾಗ ಸಂಸ್ಥೆಯವರು ಬೆಚ್ಚಿಬಿದ್ದರು. "ಯಾಕೆ ಮೇಡಂ ಮೈಮೇಲೆ ಎಳ್ಕೊತೀರಾ? ಆಗಿನ ಕಾಲವೇ ಹಂಗಿತ್ತು. ನಾಳೆ ನಮ್ಮನ್ನ ಯಾರು ಕರೀತಾರೆ?" ಕರೆಯದಿದ್ದರೆ ಬಿಡಲಿ! ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳಬೇಡಿ ಎಂದು ಊರಿಗೆಲ್ಲ ಬೋಧಿಸಿದವಳು ನಾನು. ಇನ್ನು ಕಾಲದ ಮಾತು — ಕಾಲ ನಗಲಿಲ್ಲ, ನಕ್ಕವಳು ನಾನು. ಯಾರ ಸಮಾಧಾನವೂ ನನಗೆ ಬೇಡ. ಈ ಕೆಲಸವನ್ನೂ ಬಿಡುವುದಿಲ್ಲ. ಬೇಡವಾದವರು ಎದ್ದು ಹೋಗಲಿ. ಮುಂದಿನ ವಾರ ಉರಿಗಾಂನಲ್ಲಿ ತರಬೇತಿಯಿದೆ. ಅಲ್ಲಿ 'ಒಬ್ಬ ಟೀಚರ್ ಇದ್ದಳು' ಎನ್ನುವುದಿಲ್ಲ, 'ನಾನು' ಎಂದೇ ಶುರು ಮಾಡುತ್ತೇನೆ.

ಕ್ಷಮಿಸು ಎಂದು ನಿನ್ನ ಮನೆಗೆ ಬಂದು ಅಳುವುದಿಲ್ಲ, ಸರೋಜಾ. ನನ್ನ ಅಳುವನ್ನು ಸಮಾಧಾನ ಮಾಡುವ ಕೆಲಸವೂ ನಿನ್ನ ತಲೆಗೇ ಯಾಕೆ? ಆದರೆ ಬೈಯಬೇಕು ಅನಿಸಿದರೆ, ಏನಾದರೂ ಹೇಳಬೇಕು ಅನಿಸಿದರೆ, ಸುಮ್ಮನೆ ಕೂರಬೇಕು ಅನಿಸಿದರೂ ಬಾ. ಆಂಡರ್ಸನ್‌ಪೇಟೆಯಲ್ಲಿ ಅದೇ ಮನೆ, ಅದೇ ಬಾಗಿಲು. ಈ ಸಲ ನಿನ್ನನ್ನು ಬಸ್ಸು ಹತ್ತಿಸುವುದಿಲ್ಲ.