ಅಂಗೈ ಅಳತಿ ರೊಟ್ಟಿ

ಅಡಿಗಿ ಮನಿ ಮೈಮುನಾಬಿ ಬಗ್ಗೆ ಹೇಳು ಅಂತೀರಿ. ಹೇಳ್ತೇನಿ, ಆದ್ರ ನಡಕ ಬಾಯಿ ಹಾಕಬ್ಯಾಡ್ರಿ. ನನಗ ಲಗೂನ ಸಿಟ್ಟು ಬರತೈತಿ.

ನಾ ಗುತ್ತೆವ್ವ. ರಾಣೇಬೆನ್ನೂರಿನ ಒಂದು ದವಾಖಾನಿಯೊಳಗ ಮಕ್ಕಳ ವಾರ್ಡಿನ ಆಯಾ ಆಗಿದ್ದೆ. ಎಂಬತ್ತನಾಲ್ಕನೇ ಇಸ್ವಿಯೊಳಗ ಮೈಮುನಾಬಿ ಅಲ್ಲಿ ಅಡಿಗಿ ಕೆಲಸಕ್ಕ ಬಂದ್ಲು. ಬ್ಯಾಡಗಿಯಾಕಿ, ನಾವೆಲ್ಲಾ ಬೂಬಮ್ಮ ಅಂತ ಕರೀತಿದ್ವಿ. ಹದಿನೈದು ವರ್ಷ ಮೆಣಸಿನಕಾಯಿ ತೊಟ್ಟು ಮುರದು ಮುರದು ಕೈ ಉರದು ಸಾಕಾಗಿ ಬಂದಾಕಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಕಿ ಸಣ್ಣಾಕಿದ್ದಾಗನ ತಾಯಿ ತೀರಿಕೊಂಡಿದ್ಲಂತ, ಎಂಟನೇ ವರ್ಷಕ್ಕ ರೊಟ್ಟಿ ಬಡಿಯಾಕ ಒಲಿ ಮುಂದ ಕುಂತಾಕಿ ಮತ್ತ ಎದ್ದಿರಲಿಲ್ಲ. ಬಂದ ಮೊದಲನೇ ದಿನಾನ ನನ್ನ ಜೋಡಿ ಜಗಳಾ ತಗದ್ಲು.

ಜಗಳಾ ಬ್ರೆಡ್ಡಿನ ಸಲುವಾಗಿ. ನಮ್ಮ ಕಡೆ ಆವಾಗ ಬ್ರೆಡ್ಡಂದ್ರ ಜಡ್ಡಾದವರ ಊಟ, ಗಟ್ಟಿಮುಟ್ಟ ಇದ್ದವರು ಯಾರೂ ತಿಂತಿರಲಿಲ್ಲ. ದವಾಖಾನಿಗೆ ಮಾತಾಡಸಾಕ ಬರೋ ಬೀಗರು, ಬಳಗದವರು ಬ್ರೆಡ್ಡು, ಬಿಸ್ಕೀಟು ಇಲ್ಲದ ಬಂದ್ರ ಮರ್ಯಾದಿನ ಹೋತು. ರೊಟ್ಟಿ ಪಲ್ಯ ಕೊಟ್ರ ಜಡ್ಡು ಮತ್ತ ತಿರುಗಿ ಬರತೈತಿ ಅಂತ ಎಲ್ಲಾರೂ ನಂಬಿದ್ರು. ಸುಳ್ಳ್ಯಾಕ ಹೇಳ್ಲಿ, ನಾನೂ ನಂಬಿದ್ದೆ. ಡಾಕ್ಟರ್ ಸಾಹೇಬ್ರು ದಿನಾ ಒದರೋರು, "ತಪ್ಪಲ ಪಲ್ಯ, ಬ್ಯಾಳಿ, ರೊಟ್ಟಿ ಕೊಡ್ರೆವ್ವಾ, ರಕ್ತ ಆಗೋದು ಅದರಾಗ!" ತಾಯಂದಿರು "ಹೂನ್ರಿ" ಅನ್ನೋರು, ಅವರು ಅತ್ತಾಗ ಹೋದ ಕೂಡ್ಲೇ ಬಿಸ್ಕೀಟಿನ ಪುಡಿಕಿ ಬಿಚ್ಚೋರು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದ ಹಣೇಬರಹ. ಮೈಮುನಾಬಿ ಮಾಡಿದ ಪಲ್ಯ ಎಲ್ಲಾ ನನ್ನ ಕಸದ ಬಕೀಟಿಗೆ ಬೀಳತಿತ್ತು, ಅಕಿ ನನಗ ಬೈತಿದ್ಲು.

ಎಂಬತ್ತೇಳರ ಛಳಿಯೊಳಗ ಹಲಗೇರಿ ಕರೆವ್ವ ತನ್ನ ಮಗಳು ಪ್ರೇಮವ್ವನ್ನ ಹೊತ್ಕೊಂಡು ಬಂದ್ಲು. ಏಳು ವರ್ಷದ ಹುಡುಗಿ, ತೂಕ ಬರೇ ಹದಿನಾಲ್ಕು ಕಿಲೋ. ಮೈಯಾಗ ರಕ್ತಾನ ಇಲ್ಲ. ಬಿಸ್ಕೀಟು ಬಿಟ್ಟು ಬ್ಯಾರೆ ಏನರ ಕೊಟ್ರ ಹಲ್ಲು ಕಚ್ಚಿ ಹಿಡೀತಿತ್ತು. ಸಾಹೇಬ್ರು ಖಡಾಖಂಡಿತ ಹೇಳಿದ್ರು, "ಎರಡು ವಾರದಾಗ ಒಂದು ಕಿಲೋನರ ಏರಬೇಕು. ಇಲ್ಲಾಂದ್ರ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕಳಸ್ತೇನಿ." ಹುಬ್ಬಳ್ಳಿ ಅಂದ ಕೂಡ್ಲೇ ಕರೆವ್ವ ನೆಲಕ್ಕ ಕುಸದ ಕುಂತ್ಲು. ಅಕಿ ಹಿರೇ ಮಗಾ ಭಾಳ ಜಡ್ಡಾಗಿ ಹುಬ್ಬಳ್ಳಿಗೆ ಹೋದಾಂವ ಹೊಳ್ಳಿ ಬಂದಿರಲಿಲ್ಲ.

ಬಾಗಲದಾಗ ನಿಂತ ಮೈಮುನಾಬಿ ಇದನ್ನೆಲ್ಲಾ ಕೇಳಿದ್ಲು. ಮರುದಿನ ಮುಂಜಾನೆ ಒಂದು ಮೊರದ ತುಂಬ ಮೆಂತೆ, ರಾಜಗಿರಿ ತಪ್ಪಲ ತಂದು ವಾರ್ಡಿನ ನಟ್ಟನಡಕ ಸುರವಿ ಕುಂತಬಿಟ್ಲು. ನನ್ನ ಈಗಿನ್ನೂ ಒರಸಿದ ನೆಲಾ!

"ಏ ಬೂಬಮ್ಮ, ಇದು ದವಾಖಾನಿನೋ ಸಂತಿನೋ?" ಅಂತ ಒದರಿದೆ.

"ಬ್ಯಾಡಗಿಯೊಳಗ ನಾವು ಹಿಂಗ ಸುತ್ತ ಕುಂದರತಿದ್ವಿ, ಒಬ್ಬೊಬ್ಬರಿಗೆ ಒಂದೊಂದು ರಾಶಿ," ಅಂದ್ಲು ಹುಡುಗರಿಗೆ, ನನ್ನ ಕಡೆ ನೋಡಲೇ ಇಲ್ಲ. "ಯಾರ ರಾಶಿ ಲಗೂ ಮುಗೀತೈತಿ ನೋಡೂಣು. ಬರ್ರಿ ಇಳದು!"

ಆಡಾಕ ಏನೂ ಇಲ್ಲದ ಹಾಸಿಗಿಯೊಳಗ ಬಿದ್ದ ಹುಡುಗರು! ಒಂದರ ಹಿಂದೊಂದು ಇಳದವು. ಎಲಿ ಬಿಡಸ್ತಾವು, ಜಗಳಾಡತಾವು, ನಗತಾವು. ಸ್ವಲ್ಪ ಹೊತ್ತಿನ ಮ್ಯಾಲ ಪ್ರೇಮವ್ವನೂ ಗ್ವಾಡಿ ಹಿಡಕೊಂಡು ಬಂದು ಕುಂತ್ಲು.

ಸೋಸಿ ಮುಗದ ಮ್ಯಾಲ ಮೈಮುನಾಬಿ ಒಂದು ಪರಾತದಾಗ ಜ್ವಾಳದ ಹಿಟ್ಟು ಹರವಿ ತಂದು, "ಅಂಗೈ ಒತ್ತು" ಅಂದ್ಲು ಒಬ್ಬೊಬ್ಬರಿಗೆ. ನಮ್ಮ ಮನಿಗಳಾಗ ರೊಟ್ಟಿ ಬಡಿಯಾಕಿ ಕಡೀ ಹಿಟ್ಟಿನ್ಯಾಗ ಕೂಸಿಗಂತ ಒಂದು ಸಣ್ಣ ರೊಟ್ಟಿ ಮಾಡತಾಳಲ್ಲ, ಹಂಗ ಒಂದೊಂದು ಅಂಗೈ ಅಳತಿಗೆ ಒಂದೊಂದು ರೊಟ್ಟಿ ಬಡದು ತಂದ್ಲು. ಮ್ಯಾಲ ಅವರ ಸೋಸಿದ ಪಲ್ಯ, ಬದಿಗೆ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ.

"ಕಾನೂನು ಕೇಳ್ರಿ," ಅಂದ್ಲು. "ಅಂಗೈ ಯಾರದೋ ರೊಟ್ಟಿ ಅವರದು. ಅವ್ವಗೂ ಕೊಡಂಗಿಲ್ಲ, ಆಯಾಗಂತೂ ಮೊದಲ ಕೊಡಂಗಿಲ್ಲ!"

ಕೊಡಂಗಿಲ್ಲ ಅಂದಮ್ಯಾಲ ಹುಡುಗರು ತಿನ್ನದ ಬಿಡ್ತಾವೇನ್ರಿ? ನನಗ ತೋರಿಸಿ ತೋರಿಸಿ ತಿಂದವು. ಪ್ರೇಮವ್ವ ತನ್ನ ರೊಟ್ಟಿ ಹೊಳ್ಳಿಸಿ ನೋಡಿದ್ಲು, ಮ್ಯಾಲ ತನ್ನ ಅಂಗೈ ಇಟ್ಟು ನೋಡಿದ್ಲು. ಆಮ್ಯಾಲ ಒಂದು ತುತ್ತು ಮುರದು ಬಾಯಾಗ ಇಟ್ಕೊಂಡ್ಲು. ಕರೆವ್ವ ಸೆರಗು ಬಾಯಿಗೆ ಒತ್ತಿ ಅತ್ತ ತಿರಗಿದ್ಲು. ದಿನಾ ಹಿಂಗ ನಡೀತು. ಒಂದರ ಜಾಗಾಕ್ಕ ಎರಡು ರೊಟ್ಟಿ ಆದ್ವು.

ಆದ್ರೂ ನನಗ ಧೈರ್ಯ ಇರಲಿಲ್ಲ. ತೂಕದ ದಿನ ಬಂತು. ಅಂಗೈಯಷ್ಟು ರೊಟ್ಟಿಯೊಳಗ ಒಂದು ಕಿಲೋ ಎಲ್ಲಿಂದ ಬರಬೇಕು? ಕರೆವ್ವ ಮುಂಜಾನಿಂದ ನೀರೂ ಕುಡದಿರಲಿಲ್ಲ, ಅಕಿ ಮಾರಿ ನೋಡಾಕ ಆಗಲಿಲ್ಲ ನನಗ. ಅಡಿಗಿ ಮನಿಗೆ ಹೋಗಿ ಮೈಮುನಾಬಿ ತಕ್ಕಡಿಯ ಎರಡು ಅರ್ಧ ಕಿಲೋ ಕಲ್ಲು ತಂದು, ಅರಿವ್ಯಾಗ ಸುತ್ತಿ, ಹುಡುಗಿ ನಡಕ್ಕ ಕಟ್ಟಿ ಮ್ಯಾಲ ಸ್ವೆಟರ್ ಎಳದೆ. ಶ್ಯಾಣ್ಯಾಕಿ ನಾ!

ಪ್ರೇಮವ್ವ ತೂಕದ ಮಷೀನ್ ಹತ್ತಿದ ಕೂಡ್ಲೇ ಮುಳ್ಳು ಹದಿನಾರೂಕಾಲಕ್ಕ ಹೋತು. ಸಾಹೇಬ್ರು ಚಸ್ಮಾ ಒರಸ್ಕೊಂಡು ಮತ್ತ ನೋಡಿದ್ರು. ಅಷ್ಟೊತ್ತಿಗೆ ಮೈಮುನಾಬಿ ಬಂದ್ಲು, "ನನ್ನ ಬ್ಯಾಳಿ ತೂಗೋ ಕಲ್ಲು ಯಾರು ಒಯ್ದೀರಿ?" ಅಂತ. ಪ್ರೇಮವ್ವ ಅಕಿನ್ನ ನೋಡಿ ಖುಷಿಯಿಂದ ಟಣ್ಣನ ಜಿಗದ್ಲು. ಗಂಟು ಬಿಚ್ಚಿ ಎರಡೂ ಕಲ್ಲು ಢಣ್ ಢಣ್ ಅಂತ ನೆಲಕ್ಕ!

ಭೂಮಿ ಬಾಯಿ ಬಿಟ್ಟಿದ್ರ ಒಳಗ ಹೋಗತಿದ್ದೆ. ಮೈಮುನಾಬಿ ಕಲ್ಲು ಆರಿಸ್ಕೊಂಡ್ಲು. "ಗುತ್ತೆವ್ವ, ಮೆಣಸಿನಕಾಯಿಗೆ ನೀರು ಹೊಡದು ತೂಕ ಏರಸೋರನ್ನ ಕಂಡೇನಿ. ಕೂಸಿಗೆ ಕಲ್ಲು ಕಟ್ಟಾಕಿನ್ನ ಇವತ್ತ ಕಂಡೆ. ನನ್ನ ರೊಟ್ಟಿ ಮ್ಯಾಲ ಇಷ್ಟ ಏನ ನಿನ್ನ ನಂಬಿಕಿ? ಹತ್ತವ್ವಾ ಪ್ರೇಮಿ, ಮತ್ತ ಹತ್ತು."

ಪ್ರೇಮವ್ವ ಹತ್ತಿದ್ಲು. ಮುಳ್ಳು ಅಲುಗಾಡಿ ಅಲುಗಾಡಿ ನಿಂತಿತು. ಹದಿನೈದೂಕಾಲು.

"ಹುಬ್ಬಳ್ಳಿ ಬ್ಯಾಡ," ಅಂದ್ರು ಸಾಹೇಬ್ರು. ಕರೆವ್ವ ಮೈಮುನಾಬಿ ಕಾಲಿಗೆ ಬೀಳಾಕ ಹೋದ್ರ ಅಕಿ ಹಿಡದು ಎಬ್ಬಿಸಿ ಅಪ್ಪಿಕೊಂಡ್ಲು. ಇಬ್ಬರೂ ಅತ್ರು, ನಾನೂ ಅತ್ತೆ, ನಾಚಿಕಿಗೆ ಸ್ವಲ್ಪ, ಖುಷಿಗೆ ಭಾಳ. ಊರಿಗೆ ಹೊಂಟಾಗ ಪ್ರೇಮವ್ವ ಒಂದು ಕಾಗದದ ಮ್ಯಾಲ ಮೈಮುನಾಬಿ ಕೈ ಇಡಿಸಿ, ನನ್ನ ಪೆನ್ಸಿಲ್ ಕಸಕೊಂಡು ಸುತ್ತಲೂ ಗೀಟು ಎಳದು ಒಯ್ದ್ಲು. ಯಾಕಂತ ನಾವು ಕೇಳಲಿಲ್ಲ. ಹುಡುಗರಾಟ ಅಂತ ಬಿಟ್ವಿ.

ಎರಡು ವರ್ಷದ ಮ್ಯಾಲ ಒಂದಿನ ಪ್ರೇಮವ್ವನ ಅಪ್ಪ ಫಕ್ಕೀರಪ್ಪ ಸಂತಿಗೆ ಬಂದಾಂವ ದವಾಖಾನಿಗೆ ಬಂದು ಒಂದು ಅರಿವಿ ಗಂಟು ಕೊಟ್ಟ. "ಮಗಳು ರೊಟ್ಟಿ ಬಡಿಯೋದು ಕಲ್ತಾಳ್ರಿ. ಇದು ಮೊದಲನೇದು, ಬೂಬಮ್ಮಗ ಕೊಡು ಅಂದಾಳ," ಅಂದ. ಬಿಚ್ಚಿದ್ರ ಒಳಗ ಒಂದ ಒಂದು ರೊಟ್ಟಿ. ಒಂದು ಕಡೆ ಸೀದಿತ್ತು, ಅಂಚು ಹರದಿತ್ತು. ಮೈಮುನಾಬಿ ಅದರ ಮ್ಯಾಲ ಅಂಗೈ ಇಟ್ಲು. ಬರೋಬ್ಬರಿ ಕುಂತಿತು.

ಅಷ್ಟು ವರ್ಷ ಸಾವಿರಗಟ್ಟಲೆ ರೊಟ್ಟಿ ಬಡದ ಕೈ ಅದು. ಅಕಿಗಂತ ಒಂದು ರೊಟ್ಟಿ ಯಾರೂ ಬಡದಿರಲಿಲ್ಲ. ಅಡಿಗಿ ಮನಿ ಹೊಸ್ತಲದ ಮ್ಯಾಲ ಕುಂತು, ಪಲ್ಯ ಇಲ್ಲ, ಹಿಂಡಿ ಇಲ್ಲ, ಒಣಾ ರೊಟ್ಟಿ ಮುರಮುರದು ತಿಂದ್ಲು. ಕಣ್ಣಾಗ ನೀರು, ಬಾಯಾಗ ನಗಿ.

"ನನಗೂ ಒಂದು ಚೂರು ಕೊಡ ಬೂಬಮ್ಮ," ಅಂತ ಕೈ ಚಾಚಿದೆ.

ನನ್ನ ಕೈಯಿಗೆ ಪಟ್ಟನ ಒಂದು ಹೊಡದ್ಲು. "ಕಾನೂನು ಮರತೀಯೇನ? ಅಂಗೈ ನಂದು, ರೊಟ್ಟಿ ನಂದು."