ತಾರೆಯ ತಲೆಯ ಮೇಲಿನ ಮಾಳಿಗೆ

ಮೂರು ದಿನ ಬಿದ್ದ ಹಿಮ ಈಗಷ್ಟೇ ನಿಂತಿದೆ. ಸ್ಪಿತಿ ಕಣಿವೆಯ ತುಂಬ ಮೋಡ. ನಮ್ಮ ಲುಂಗ್‌ಶೆ ಊರು ಅದರಡಿ ಎಲ್ಲೋ ಮಲಗಿದೆ. ಬಂಡೆಗೆ ಆತುಕೊಂಡ ಹಳೆಯ ಬೌದ್ಧ ಮಠ, ನಮ್ಮ ಗೊಂಪಾದ ಮಾಳಿಗೆಯೊಂದೇ ಬೆಳಗಿನ ಮಬ್ಬಿನಲ್ಲಿ ತೇಲುತ್ತಿರುವ ಹಾಗಿದೆ. ಅದರ ಮೇಲೆ ಚುಲ್ಟಿಮ್ ಅಜ್ಜ ಮರದ ಸಲಿಕೆಯಿಂದ ಹಿಮ ತಳ್ಳುತ್ತಿದ್ದಾರೆ. ಅಂಚಿನಾಚೆ ಬಿದ್ದದ್ದು ಸದ್ದಿಲ್ಲದೆ ಮೋಡದೊಳಗೆ ಹೋಗುತ್ತದೆ.

"ಬಿಸಿಲು ಬೀಳೋದ್ರೊಳಗೆ ಮುಗೀಬೇಕು," ಎನ್ನುತ್ತಾರೆ. "ಬಿದ್ರೆ ಅಡಿಯಿಂದ ಕರಗುತ್ತೆ. ಕರಗಿದ್ದು ಎಲ್ಲಿಗೆ ಹೋಗುತ್ತೆ? ಕೆಳಗೆ ಅವಳಿದ್ದಾಳೆ."

ಅವಳು ಎಂದರೆ ಹಸಿರು ತಾರೆ. ಈ ಮಣ್ಣಿನ ಮಾಳಿಗೆಯಡಿ, ಕತ್ತಲಲ್ಲಿ, ಒಂಬೈನೂರು ವರ್ಷದಿಂದ ಗೋಡೆಯ ಮೇಲೆ ಚಿತ್ರವಾಗಿ ಕುಳಿತ ದೇವಿ. ಬೇಸಿಗೆಯಲ್ಲಿ ಜನ ಎರಡು ದಿನ ಏದುಸಿರು ಬಿಟ್ಟು ಹತ್ತಿ ಬರುತ್ತಾರೆ, ಅವಳನ್ನು ಕಂಡು ಕಣ್ಣೊರೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಈ ಮಾಳಿಗೆ ಸೋರದಂತೆ ಕಾಯ್ದವರು ಯಾರೆಂದು ಒಬ್ಬನೂ ಕೇಳಿದ್ದಿಲ್ಲ. ದಪ್ಪ ಪುಸ್ತಕ ಬರೆದ ಪಂಡಿತರೂ ಕೇಳಿಲ್ಲ. ನನಗೆ ಮೈ ಉರಿಯುತ್ತದೆ. ಚುಲ್ಟಿಮ್‌ಗೆ ಉರಿಯುವುದಿಲ್ಲ.

ಅವರಿಗೀಗ ಅರವತ್ನಾಲ್ಕು. ಈ ಕೆಲಸಕ್ಕೆ ಇದು ನಲವತ್ತೊಂದನೆಯ ಚಳಿಗಾಲ. ಒಂದು ಚಳಿಗಾಲಕ್ಕೆ ಇಪ್ಪತ್ತು ಸಲವಾದರೂ ಏಣಿ ಹತ್ತುತ್ತಾರೆ. ಹಿಮ ಬೀಳುವ ಮುಂಚೆ ಹೊಳೆಯಂಚಿನ ಜೇಡಿಮಣ್ಣನ್ನು ಬೆನ್ನ ಮೇಲೆ ತಂದು ಮೆತ್ತುತ್ತಾರೆ. ಕಬ್ಬಿಣದ ಸಲಿಕೆ ಮುಟ್ಟುವುದಿಲ್ಲ. "ಅದು ಮಣ್ಣಿನ ಚರ್ಮ ಕೀಳುತ್ತೆ."

ಹೋದ ಬೇಸಿಗೆಯಲ್ಲಿ ಒಂದು ತಪ್ಪಾಯಿತು. ಬಟಾಣಿ ಬಿಡಿಸಲು ಕೆಳಗಿನ ಹೊಲಕ್ಕೆ ಹೋಗಿದ್ದರು. ಇಲ್ಲಿ ಎಂದೂ ಬೀಳದಂಥ ಮಳೆ ಎರಡು ದಿನ ಹೊಡೆಯಿತು. ಓಡಿ ಬರುವಷ್ಟರಲ್ಲಿ ತೊಲೆಯ ಪಕ್ಕದಿಂದ ಮಣ್ಣು ಬೆರೆತ ಕೆಂಪು ನೀರಿಳಿದು ತಾರೆಯ ಕಿರೀಟ ದಾಟಿತ್ತು. ಹೆಂಡತಿ ಬುಟಿತ್ ಮನೆಯ ಕಂಬಳಿಗಳನ್ನೆಲ್ಲ ಹೊತ್ತು ತಂದು ಮಾಳಿಗೆಗೆ ಹೊದಿಸಿದರು. ಕಲೆ ಹುಬ್ಬಿನ ಮೇಲೆ ನಿಂತಿತು. ಅಲ್ಲಿಂದ ಎರಡು ಬೆರಳು ಕೆಳಗೆ ಕಣ್ಣು.

"ಹದಿನೈದು ದಿನ ಗೋಡೆ ಮುಂದೆ ಕೂತಿದ್ರು," ಎನ್ನುತ್ತಾರೆ ಏಣಿ ಹಿಡಿದು ನಿಂತ ಬುಟಿತ್. "ನಂಗೆ ಜ್ವರ ಬಂದಾಗ ಒಂದು ಗಳಿಗೆ ಕೂತಿರ್ಲಿಲ್ಲ ಈ ಮನುಷ್ಯ."

"ನಿಂಗೆ ಜ್ವರ ಬಂದ್ರೆ ಬೈಗುಳ ಜಾಸ್ತಿ," ಎನ್ನುತ್ತಾರೆ ಅಜ್ಜ ಮೇಲಿಂದ. " ಹತ್ರ ಯಾರು ಕೂರ್ತಾರೆ?"

"ಮಳೆ ಹಿಂಗೇ ಬಂದ್ರೆ ಆ ಕಣ್ಣು ಉಳಿಯುತ್ತಾ ಅಜ್ಜ?" ಎಂದು ಕೇಳುತ್ತೇನೆ.

"ನಾನು ಬಟಾಣಿ ಹಾಕೋದು ಬಿಟ್ಟಿದ್ದೀನಿ," ಎನ್ನುತ್ತಾರೆ.

ಬಿಸಿಲು ಬಂಡೆ ಇಳಿದು ಬರುವ ಹೊತ್ತಿಗೆ ಮಾಳಿಗೆ ಬರಿದಾಗಿದೆ. ಅಜ್ಜ ಮಂಡಿ ಹಿಡಿದುಕೊಂಡು ಇಳಿದು, ಬೂಟು ಬಿಚ್ಚಿ ಒಳಗೆ ಹೋಗುತ್ತಾರೆ. ತುಪ್ಪದ ದೀಪ ಎತ್ತುತ್ತಾರೆ. ಬೆಳಕು ಅಲುಗಿದಾಗ ತಾರೆ ಆಗಷ್ಟೇ ಎಚ್ಚರಗೊಂಡಂತೆ ಕಾಣುತ್ತಾಳೆ. ಗೋಡೆ ಮುಟ್ಟುವಂತಿಲ್ಲ, ಅಜ್ಜ ತೊಲೆಯ ತುದಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ.

"ಒಣಗಿದೆ."

ಬಾಲ್ಯದ ಜೊತೆಗಾರರಾದ ಲಾಮಾ ತಂಡುಪ್ ಉಪ್ಪಿನ ಚಹಾ ಕೊಡುತ್ತಾ ಕೆಣಕುತ್ತಾರೆ: "ನಲವತ್ತು ವರ್ಷ ದೇವರ ತಲೆ ಮೇಲೆ ಓಡಾಡಿದ್ದೀಯಲ್ಲೋ. ಮುಂದಿನ ಜನ್ಮ ನಿಂದು ಕತ್ತೆಯದು, ಬರೆದಿಟ್ಕೋ."

ಚುಲ್ಟಿಮ್ ಬಟ್ಟಲು ಊದಿ ಒಂದು ಗುಟುಕು ಕುಡಿಯುತ್ತಾರೆ.

"ಆಗ್ಲಿ. ಈ ಊರಲ್ಲೇ ಹುಟ್ಟೋ ಹಾಗೆ ಒಂದು ಮಾತು ಬೇಡ್ಕೊಳ್ಳಿ ಗುರುಗಳೇ. ಒಂದೇ ಸಲಕ್ಕೆ ಎರಡು ಮೂಟೆ ಮಣ್ಣು ತರ್ತೀನಿ."